ಯಂತ್ರಾನುವಾದವನ್ನು ಹೊರಗಿಡಬೇಡಿ

ಮೇಡಂ, ನಿಮ್ಮ ಅನುವಾದ ತರಗತಿಯ ವಿದ್ಯಾರ್ಥಿಗಳು ಗೂಗಲ್ ಅನುವಾದವನ್ನೇ ಅಷ್ಟಿಷ್ಟು ತಿದ್ದಿ ಒಪ್ಪಿಸುತ್ತಾರೆಂಬ ನಿಮ್ಮ ಕಳವಳ ಸರಿಯಾದದ್ದೇ. ಆದರೆ ನಿಷೇಧದಿಂದ ಪ್ರಯೋಜನವಿಲ್ಲ. 2011ರಿಂದಲೇ ಕನ್ನಡಕ್ಕೆ ಆ ಸೌಲಭ್ಯವಿದೆ, ಈಗ ಕೇಂದ್ರ ಸರ್ಕಾರದ ಅನುವಾದ ವೇದಿಕೆ ‘ಭಾಷಿಣಿ’ಯೂ ಬಂದಿದೆ.

ನಿಷೇಧಿಸುವ ಬದಲು ಹಂತಹಂತವಾಗಿ ಕಲಿಸಿ. ಮೊದಲ ಸೆಮಿಸ್ಟರ್ ಪೂರ್ತಿ ವಿದ್ಯಾರ್ಥಿಗಳನ್ನು ತರಗತಿಯಲ್ಲೇ ಕೂರಿಸಿ, ಕೈಯಲ್ಲೇ ಬರೆಸಿ. ಸ್ವಂತ ವಾಕ್ಯ ಕಟ್ಟಲು ಬಾರದವರಿಗೆ ಯಂತ್ರದ ತಪ್ಪು ಕಾಣುವುದಿಲ್ಲ. ಅದು ತಪ್ಪನ್ನೂ ನಯವಾಗಿಯೇ ಹೇಳುತ್ತದೆ. ಒಂದು ಸಾಲಿನಲ್ಲಿ ‘ಅವರು’ ಆಗಿದ್ದ ಹಿರಿಯರು ಮುಂದಿನ ಸಾಲಿನಲ್ಲಿ ‘ಅವನು’ ಆಗಿಬಿಡಬಹುದು. ಆಮೇಲೆ ಯಂತ್ರದ ಕರಡನ್ನೇ ಕೊಟ್ಟು, ಪ್ರತಿ ತಿದ್ದುಪಡಿಗೂ ಕಾರಣ ಬರೆಸಿ. ಅಂಕ ಆ ಕಾರಣಗಳಿಗಿರಲಿ.

ಯಂತ್ರಾನುವಾದವಲ್ಲದೆ ಇನ್ನೊಂದು ಬಗೆಯ ಸಾಧನವನ್ನೂ ಪರಿಚಯಿಸಿ: ಒಮೇಗಾ-ಟಿ ಎಂಬ ಉಚಿತ ತಂತ್ರಾಂಶ ಹಿಂದೆ ಅನುವಾದಿಸಿದ ವಾಕ್ಯಗಳನ್ನು ನೆನಪಿಟ್ಟು ಮತ್ತೆ ಮುಂದಿಡುತ್ತದೆ. ಕಾನೂನು, ಕೈಪಿಡಿಗಳಿಗೆ ಅದು ವರದಾನ. ಕವಿತೆಗೆ ಬೇಡವೇ ಬೇಡ.

ಗೋಪ್ಯ ದಾಖಲೆಗಳನ್ನು ಉಚಿತ ಜಾಲತಾಣಗಳಿಗೆ ಹಾಕಬಾರದೆಂದು ಮಾತ್ರ ಮೊದಲ ದಿನವೇ ಹೇಳಿಬಿಡಿ.