ವಿಮಾನದ ವಯಸ್ಸನ್ನು ಎಣಿಸುವುದು ಹೇಗೆ?

ಕಳೆದ ರಜೆಯಲ್ಲಿ ನಮ್ಮ ದಾದಿ ಉಮ್ರಾ ಮುಗಿಸಿ ಬಂದರು. (ಕನ್ನಡದಲ್ಲಿ ದಾದಿ ಅಂದರೆ ನರ್ಸ್ ಎಂದು ಗೆಳೆಯರು ತಮಾಷೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ದಾದಿ ಅಂದರೆ ಅಬ್ಬುವಿನ ತಾಯಿ.) ಖರ್ಜೂರ, ಝಂಝಂ ನೀರು ಹಂಚಿ, ಹರಮ್‌ನ ವಿಷಯವೆಲ್ಲ ಹೇಳಿ ಮುಗಿದ ಮೇಲೆ ವಿಮಾನದ ವಿಷಯ ಬಂತು. ಹೋಗುವಾಗ ಎಲ್ಲರನ್ನೂ ಕೂರಿಸಿ, ಬಾಗಿಲು ಹಾಕಿ, ಆಮೇಲೆ "ತಾಂತ್ರಿಕ ಕಾರಣ" ಎಂದು ಎರಡೂವರೆ ಗಂಟೆ ನಿಲ್ಲಿಸಿಬಿಟ್ಟರಂತೆ. ದಾದಿಗೆ ಕಿಟಕಿ ಪಕ್ಕದ ಸೀಟು. ಒಬ್ಬ ಹುಡುಗ ಏಣಿ ಹಾಕಿ ಎಂಜಿನ್ನಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದ, ಏನೋ ಬಿಗಿ ಮಾಡಿದ, ಇಳಿದ. ಆಮೇಲೆ ಇನ್ನೊಬ್ಬ ಬಂದು ಅದೇ ಏಣಿ ಹತ್ತಿ ಅದನ್ನೇ ಮತ್ತೆ ನೋಡಿದ. ದಾದಿಗೆ ಸಿಟ್ಟು ಬಂದದ್ದು ಇದಕ್ಕೇ. "ಒಬ್ಬ ಮಾಡಿದ ಕೆಲಸವನ್ನು ಇನ್ನೊಬ್ಬ ಯಾಕೆ ಮತ್ತೆ ನೋಡಬೇಕು? ಅವನ ಮೇಲೆ ನಂಬಿಕೆ ಇಲ್ಲವೇ?"

ಲಾರಿ ಓಡಿಸುವ ನಮ್ಮ ಚಾಚಾ, "ಹಳೇ ಗಾಡಿ ಇರಬೇಕು ಅಮ್ಮಾ" ಎಂದರು. ನಾನು ಕಾಮರ್ಸ್ ವಿದ್ಯಾರ್ಥಿ ಎಂಬ ಜಂಬದಲ್ಲಿ ಮಧ್ಯೆ ಬಾಯಿ ಹಾಕಿದೆ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ವಿಮಾನದ ಉಪಯುಕ್ತ ಆಯುಷ್ಯ 20 ವರ್ಷ ಎಂದಿದೆ. ಬೆಲೆ 400 ಕೋಟಿ, ಉಳಿಕೆ ಮೌಲ್ಯ ಶೇ. 5 ಎಂದು ಇಟ್ಟುಕೊಂಡರೆ ಸ್ಥಿರ ಕಂತಿನ ಪದ್ಧತಿಯಲ್ಲಿ ವರ್ಷಕ್ಕೆ 19 ಕೋಟಿ ಸವಕಳಿ. ಇಷ್ಟು ಹೇಳಿ ಮುಗಿಸಿದೆ. ಚಾಚಾ ನಕ್ಕರು. "ಮಗಾ, ಗಾಡಿಯ ವಯಸ್ಸು ಆರ್‌ಸಿ ಬುಕ್ಕಿನಲ್ಲಿ ಇರೋದಿಲ್ಲ, ಮೀಟರಿನಲ್ಲಿ ಇರುತ್ತೆ." ಅದೇ ಅನುಸೂಚಿ ಬಾಡಿಗೆಗೆ ಓಡುವ ಲಾರಿಗೆ 6 ವರ್ಷ ಕೊಟ್ಟಿದೆ. ಚಾಚಾ ಅವರ ಲಾರಿಗೆ ಈಗ ಹನ್ನೊಂದು! ನಾನು ಸುಮ್ಮನಾದೆ. ಆದರೆ ಆ ಮಾತು ತಲೆಯಲ್ಲಿ ಉಳಿಯಿತು. ಅಲ್ಲಿಂದ ಓದಲು ಶುರು ಮಾಡಿದ್ದರ ಫಲ ಈ ಲೇಖನ.

ಚಾಚಾ ಹೇಳಿದ್ದು ಸರಿ. ಆದರೆ ವಿಮಾನಕ್ಕೆ ಒಂದು ಮೀಟರಲ್ಲ, ಮೂರು ಮೀಟರುಗಳಿವೆ. ಮೊದಲನೆಯದು ಕ್ಯಾಲೆಂಡರ್, ಅಂದರೆ ತಯಾರಾಗಿ ಎಷ್ಟು ವರ್ಷವಾಯಿತು ಎಂಬ ಲೆಕ್ಕ. ತುಕ್ಕು ಹಿಡಿಯಲು ವಿಮಾನ ಹಾರಬೇಕಾಗಿಲ್ಲ, ನಿಂತಿದ್ದರೂ ಹಿಡಿಯುತ್ತದೆ. ಎರಡನೆಯದು ಹಾರಾಟದ ಗಂಟೆಗಳು. ಮೂರನೆಯದಕ್ಕೆ ಸೈಕಲ್ ಎನ್ನುತ್ತಾರೆ, ನಾವು ಆವರ್ತ ಎನ್ನಬಹುದು. ಒಂದು ಸಲ ಏರಿ ಒಂದು ಸಲ ಇಳಿದರೆ ಒಂದು ಆವರ್ತ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಒಂದು ಗಂಟೆ ಹಾರಿದರೂ ಒಂದು ಆವರ್ತ, ಬೆಂಗಳೂರಿನಿಂದ ಜಿದ್ದಾಕ್ಕೆ ಐದಾರು ಗಂಟೆ ಹಾರಿದರೂ ಒಂದೇ ಆವರ್ತ. ಯಾವ ಭಾಗವನ್ನು ಯಾವಾಗ ಪರೀಕ್ಷಿಸಬೇಕು ಎಂಬುದು ಈ ಮೂರರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದರ ಮೇಲೆ ನಿಂತಿರುತ್ತದೆ.

ಆವರ್ತವನ್ನು ಯಾಕೆ ಎಣಿಸಬೇಕು? ಸುಮಾರು 35,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಕಾಲು ಭಾಗಕ್ಕಿಂತ ಕಡಿಮೆ. ಅಲ್ಲಿ ನಾವು ಉಸಿರಾಡಿ ಬದುಕಲು ಆಗುವುದಿಲ್ಲ. ಆದ್ದರಿಂದ ವಿಮಾನದ ಒಳಗೆ ಗಾಳಿ ತುಂಬಿ, ನಾವು ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದೇವೆ ಎನ್ನುವಷ್ಟು ಒತ್ತಡ ಇಡುತ್ತಾರೆ. ಒಳಗೆ ಹೆಚ್ಚು ಒತ್ತಡ, ಹೊರಗೆ ಕಡಿಮೆ. ಬೋಯಿಂಗ್ 737ರಲ್ಲಿ ಈ ವ್ಯತ್ಯಾಸ ಒಂದು ಚದರ ಸೆಂಟಿಮೀಟರಿಗೆ ಸುಮಾರು ಅರ್ಧ ಕಿಲೋ. ಅರ್ಧ ಕಿಲೋ ಅಷ್ಟೇನಾ ಎನಿಸಿತು ನನಗೆ. 180 ಸೆಂ.ಮೀ. ಎತ್ತರ, 80 ಸೆಂ.ಮೀ. ಅಗಲದ ಬಾಗಿಲಿಗೆ ಗುಣಿಸಿ ನೋಡಿದೆ. 14,400 ಚದರ ಸೆಂ.ಮೀ., ಅಂದರೆ ಏಳು ಟನ್ನಿಗಿಂತ ಹೆಚ್ಚು! ಒಂದು ಬಾಗಿಲಿನ ಮೇಲೆ ಒಂದು ಲಾರಿ ಲೋಡು.

ಪ್ರತಿ ಸಲ ಏರುವಾಗ ವಿಮಾನದ ಲೋಹದ ಚರ್ಮ ಸ್ವಲ್ಪ ಉಬ್ಬುತ್ತದೆ, ಇಳಿಯುವಾಗ ಕುಗ್ಗುತ್ತದೆ. ತಂತಿಯನ್ನು ಒಂದು ಸಲ ಬಗ್ಗಿಸಿದರೆ ಏನೂ ಆಗುವುದಿಲ್ಲ, ಅದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಪಟ್ಟನೆ ತುಂಡಾಗುತ್ತದೆ. ಇದಕ್ಕೆ ಲೋಹದ ದಣಿವು ಎಂದು ಹೆಸರು. ದಣಿವಿಗೆ ಗಂಟೆ ಮುಖ್ಯವಲ್ಲ, ಎಷ್ಟು ಸಲ ಬಗ್ಗಿತು ಎನ್ನುವುದೇ ಮುಖ್ಯ.

1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳಲ್ಲಿ ನಡೆದದ್ದನ್ನು ನೋಡಿ. ಅಲೋಹಾ ಏರ್‌ಲೈನ್ಸ್‌ನ 243ನೇ ಹಾರಾಟ, ಹಿಲೋದಿಂದ ಹೊನೊಲುಲುವಿಗೆ. 24,000 ಅಡಿ ಎತ್ತರದಲ್ಲಿ ಆ ಬೋಯಿಂಗ್ 737ರ ಮುಂಭಾಗದ ಛಾವಣಿ ಸುಮಾರು 18 ಅಡಿ ಉದ್ದಕ್ಕೆ ಕಿತ್ತು ಹಾರಿಹೋಯಿತು. ನಿಂತು ಕೆಲಸ ಮಾಡುತ್ತಿದ್ದ ಗಗನಸಖಿಯೊಬ್ಬರು ಹೊರಕ್ಕೆ ಎಸೆಯಲ್ಪಟ್ಟು ತೀರಿಕೊಂಡರು. ಬೆಲ್ಟ್ ಕಟ್ಟಿ ಕೂತಿದ್ದ ಪ್ರಯಾಣಿಕರು ಬಯಲಲ್ಲಿ ಕೂತಂತೆ ಕೂತಿದ್ದರು. ಪೈಲಟ್‌ಗಳು ಆ ಸ್ಥಿತಿಯಲ್ಲೇ ಮಾವಿ ದ್ವೀಪದಲ್ಲಿ ಇಳಿಸಿದರು. ವಿಮಾನದಲ್ಲಿದ್ದ 95 ಜನರಲ್ಲಿ 94 ಮಂದಿ ಉಳಿದರು.

ಈಗ ಲೆಕ್ಕಕ್ಕೆ ಬರೋಣ. ಬೋಯಿಂಗ್ ಆ ಮಾದರಿಗೆ ಇಟ್ಟುಕೊಂಡಿದ್ದ ಆಯುಷ್ಯದ ಅಂದಾಜು 20 ವರ್ಷ, 51,000 ಗಂಟೆ, 75,000 ಆವರ್ತ. ಈ ವಿಮಾನಕ್ಕೆ ಆಗಿದ್ದದ್ದು 19 ವರ್ಷ. ಹಾರಿದ್ದು 35,496 ಗಂಟೆ. ವರ್ಷದ ಮೀಟರ್ ನೋಡಿದರೆ ಮಿತಿಯೊಳಗಿದೆ, ಗಂಟೆಯ ಮೀಟರ್ ನೋಡಿದರೆ ಇನ್ನೂ ಬೇಕಾದಷ್ಟು ಬಾಕಿ ಇದೆ. ಆದರೆ ಆವರ್ತ 89,680! ಭಾಗಿಸಿದರೆ ಒಂದು ಹಾರಾಟಕ್ಕೆ ಸರಾಸರಿ 24 ನಿಮಿಷವೂ ಬರುವುದಿಲ್ಲ. ದ್ವೀಪದಿಂದ ದ್ವೀಪಕ್ಕೆ ನಮ್ಮ ಸಿಟಿ ಬಸ್ಸಿನಂತೆ ಓಡಾಡುತ್ತಿದ್ದ ವಿಮಾನ ಅದು. ಜೊತೆಗೆ ಸಮುದ್ರದ ಉಪ್ಪುಗಾಳಿ. ತಗಡುಗಳು ಒಂದರ ಮೇಲೊಂದು ಕೂಡುವ ಕಡೆ ಅಂಟು ಬಿಟ್ಟುಹೋಗಿ, ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದು, ರಿವೆಟ್ ತೂತುಗಳ ಸುತ್ತ ಸಣ್ಣ ಸಣ್ಣ ಬಿರುಕು ಹುಟ್ಟಿದವು. ಆ ಬಿರುಕುಗಳು ಒಂದಕ್ಕೊಂದು ಸೇರಿಕೊಂಡವು. ಹತ್ತುವಾಗ ಒಬ್ಬ ಪ್ರಯಾಣಿಕರು ಹೊರಮೈಯಲ್ಲಿ ಬಿರುಕನ್ನು ಕಂಡಿದ್ದರಂತೆ. ಆದರೆ ಯಾರಿಗೂ ಹೇಳಲಿಲ್ಲ. ಓದುವಾಗ ನಾನು ಹೆಚ್ಚು ಹೊತ್ತು ನಿಂತದ್ದು ಇಲ್ಲಿಯೇ. ನಾನಾಗಿದ್ದರೆ ಹೇಳುತ್ತಿದ್ದೆನೇ? ಬಹುಶಃ ಇಲ್ಲ. ಅವರಿಗೆ ಗೊತ್ತಿರುತ್ತದೆ ಬಿಡು ಎಂದುಕೊಂಡು ಸೀಟು ಹುಡುಕುತ್ತಿದ್ದೆ.

ಇನ್ನು ಎಂಜಿನ್. ಇದು ವಿಜ್ಞಾನ ವಿಭಾಗದ ಗೆಳೆಯರ ಕ್ಷೇತ್ರ, ತಪ್ಪಿದ್ದರೆ ತಿದ್ದಬೇಕು. ಮುಂದೆ ಕಾಣುವ ದೊಡ್ಡ ಫ್ಯಾನ್ ಗಾಳಿಯನ್ನು ಎಳೆಯುತ್ತದೆ. ಅದರಲ್ಲಿ ಸ್ವಲ್ಪ ಭಾಗ ಮಾತ್ರ ಒಳಗಿನ ಕಂಪ್ರೆಸರಿಗೆ ಹೋಗಿ ಒತ್ತಲ್ಪಟ್ಟು, ಇಂಧನದೊಂದಿಗೆ ಉರಿದು, ಟರ್ಬೈನನ್ನು ತಿರುಗಿಸಿ ಹಿಂದಿನಿಂದ ಹೊರಬೀಳುತ್ತದೆ. ಆ ಟರ್ಬೈನೇ ಮುಂದಿನ ಫ್ಯಾನನ್ನು ತಿರುಗಿಸುವುದು. ಉಳಿದ ಹೆಚ್ಚಿನ ಗಾಳಿ ಉರಿಯದೆ ಹೊರಸುತ್ತಿನಿಂದಲೇ ಹಿಂದಕ್ಕೆ ಹೋಗುತ್ತದೆ, ನೂಕುಬಲದ ಬಹುಪಾಲು ಬರುವುದು ಇದರಿಂದಲೇ. ಹಳೆಯ 737ಗಳ ಸಿಎಫ್‌ಎಂ 56 ಎಂಜಿನ್ನಿನಲ್ಲಿ ಒಳಗೆ ಹೋಗುವ ಒಂದು ಪಾಲಿಗೆ ಹೊರಸುತ್ತಿನಲ್ಲಿ ಸುಮಾರು ಐದು ಪಾಲು, ಏರ್‌ಬಸ್ ಎ320 ನಿಯೋಗೆ ಬರುವ ಹೊಸ ಎಂಜಿನ್ನುಗಳಲ್ಲಿ ಹನ್ನೊಂದು, ಹನ್ನೆರಡು ಪಾಲು. ಹೊರಗಿನ ಪಾಲು ಹೆಚ್ಚಿದಷ್ಟೂ ಇಂಧನ ಉಳಿತಾಯ. ನಾವು ಒಳಗೆ ಉಸಿರಾಡುವ ಗಾಳಿಯೂ ಹೆಚ್ಚಿನ ವಿಮಾನಗಳಲ್ಲಿ ಇದೇ ಕಂಪ್ರೆಸರಿನಿಂದ ತೆಗೆದು ತಣಿಸಿದ ಗಾಳಿಯೇ.

ಟರ್ಬೈನಿಗೆ ಬಡಿಯುವ ಅನಿಲದ ಶಾಖ, ಆ ಬ್ಲೇಡ್ ಮಾಡಿದ ಲೋಹ ಕರಗುವ ಶಾಖಕ್ಕಿಂತ ಹೆಚ್ಚು. ಆದರೂ ಅದು ಕರಗದಿರಲು ಕಾರಣ, ಬ್ಲೇಡಿನ ಒಳಗೆ ಕೊರೆದ ಸಣ್ಣ ದಾರಿಗಳಲ್ಲಿ ಹರಿಯುವ ಗಾಳಿ. ಬ್ಲೇಡ್ ಮುರಿದರೆ ಎಂಜಿನ್ನಿನ ಕವಚ ತಡೆಯಬೇಕು ಎಂಬ ನಿಯಮವಿದೆ. ಆದರೆ ಬ್ಲೇಡುಗಳನ್ನು ಹಿಡಿದಿರುವ ಡಿಸ್ಕ್ ಒಡೆದರೆ ತಡೆಯುವ ಕವಚವಿಲ್ಲ. ಆದ್ದರಿಂದ ಡಿಸ್ಕುಗಳಿಗೆ ಆವರ್ತದ ಲೆಕ್ಕದಲ್ಲಿ ಕಟ್ಟುನಿಟ್ಟಾದ ಆಯುಷ್ಯ ಇರುತ್ತದೆ. ಸಿಎಫ್‌ಎಂ 56ರಲ್ಲಿ ಭಾಗಕ್ಕೆ ತಕ್ಕಂತೆ ಸುಮಾರು 15,000ದಿಂದ 30,000. ಮುಗಿದ ದಿನ ಡಿಸ್ಕ್ ಹೊಚ್ಚ ಹೊಸದರಂತೆ ಹೊಳೆಯುತ್ತಿದ್ದರೂ ಬಿಚ್ಚಿ ಎಸೆಯಬೇಕು. ಮಾರುವಂತಿಲ್ಲ, ಉಳಿಕೆ ಮೌಲ್ಯ ಗುಜರಿ ಬೆಲೆ ಮಾತ್ರ. ನಮ್ಮ ಪಠ್ಯದಲ್ಲಿ ಸವಕಳಿ ಒಂದು ಅಂದಾಜು, ಇಲ್ಲಿ ಅದು ಆದೇಶ.

ಒಂದು ಭಾಗದ ದೋಷ ಇಡೀ ಕಂಪನಿಯ ಆಸ್ತಿ ಹೊಣೆ ಪಟ್ಟಿಯನ್ನೇ ಅಲುಗಾಡಿಸುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಗೋ ಫಸ್ಟ್ ಕಂಪನಿ 2023ರ ಮೇ ತಿಂಗಳಲ್ಲಿ ತಾನೇ ದಿವಾಳಿ ಅರ್ಜಿ ಹಾಕಿತು. ಪ್ರ್ಯಾಟ್ ಅಂಡ್ ವಿಟ್ನಿಯ ಎಂಜಿನ್ನುಗಳು ಕೆಟ್ಟು ತನ್ನ ಸುಮಾರು ಅರ್ಧದಷ್ಟು ವಿಮಾನಗಳು ನೆಲದಲ್ಲೇ ನಿಂತಿವೆ ಎಂದು ಅದು ಹೇಳಿತು. ಎಂಜಿನ್ ಕಂಪನಿ ಈ ಆರೋಪವನ್ನು ಒಪ್ಪಲಿಲ್ಲ. ತಪ್ಪು ಯಾರದೇ ಇರಲಿ, ನಿಂತ ವಿಮಾನಕ್ಕೂ ಬಾಡಿಗೆ ಕಟ್ಟಬೇಕು, ಸಂಬಳ ಕೊಡಬೇಕು. ಟಿಕೆಟ್ ಹಣ ಮಾತ್ರ ಬರುವುದಿಲ್ಲ. ಸ್ಥಿರ ವೆಚ್ಚ ಎಂಬ ಪಾಠ ನನಗೆ ನಿಜವಾಗಿ ಅರ್ಥವಾದದ್ದು ಇದನ್ನು ಓದಿದಾಗ. 2025ರ ಜನವರಿಯಲ್ಲಿ ಕಂಪನಿಯನ್ನು ಸಮಾಪನೆ ಮಾಡಲು ಆದೇಶವಾಯಿತು.

ದಾದಿ ಕೂತಿದ್ದ ಎರಡೂವರೆ ಗಂಟೆಗೆ ಬರುತ್ತೇನೆ. ಪ್ರತಿ ವಿಮಾನದಲ್ಲೂ ಒಂದು ಲಾಗ್ ಪುಸ್ತಕ ಇರುತ್ತದೆ. ಪೈಲಟ್ ಕಂಡ ದೋಷವನ್ನು ಬರೆದರೆ ಅದರ ಎದುರು ಎಂಜಿನಿಯರ್ ಏನು ಮಾಡಿದೆ ಎಂದು ಬರೆದು, ತನ್ನ ಲೈಸೆನ್ಸ್ ಆಧಾರದ ಮೇಲೆ ಸಹಿ ಹಾಕಬೇಕು. ನಮ್ಮ ಜೋಡಿ ನಮೂದು ಪದ್ಧತಿಯಂತೆಯೇ, ಒಂದು ಕಡೆ ಬರೆದದ್ದಕ್ಕೆ ಇನ್ನೊಂದು ಕಡೆ ಉತ್ತರವಿಲ್ಲದೆ ಪುಟ ಮುಗಿಯುವುದಿಲ್ಲ. ಎಲ್ಲ ದೋಷಕ್ಕೂ ವಿಮಾನ ನಿಲ್ಲಿಸುವುದಿಲ್ಲ. ಯಾವುದು ಕೆಟ್ಟಿದ್ದರೂ ಹಾರಬಹುದು, ಎಷ್ಟು ದಿನ ಹಾರಬಹುದು ಎಂಬ ಪಟ್ಟಿಯೇ ಇದೆ. ಎಂಇಎಲ್ ಎನ್ನುತ್ತಾರೆ, ನಮ್ಮಲ್ಲಿ ಡಿಜಿಸಿಎ ಒಪ್ಪಿಗೆ ಬೇಕು. ಬಿ ವರ್ಗದ ದೋಷಕ್ಕೆ 3 ದಿನ, ಸಿ ವರ್ಗಕ್ಕೆ 10 ದಿನ, ಡಿ ವರ್ಗಕ್ಕೆ 120 ದಿನ ಗಡುವು. ಗಡುವು ಇಲ್ಲದ ಬಾಕಿ ಇಲ್ಲ. ತಾಳೆಪಟ್ಟಿ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಅನಾಮತ್ತು ಖಾತೆಗೆ ತಳ್ಳಿ ಮರೆತುಬಿಡುವ ನನ್ನಂಥವರು ಅಲ್ಲಿ ಒಂದು ದಿನವೂ ಉಳಿಯುವುದಿಲ್ಲ.

ಹಾಗಾದರೆ ಎರಡನೆಯವನು ಏಣಿ ಹತ್ತಿದ್ದು ಯಾಕೆ? 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್‌ನ 5390ನೇ ಹಾರಾಟ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಲಗಾಕ್ಕೆ ಹೊರಟಿತ್ತು. ಸುಮಾರು 17,000 ಅಡಿಯಲ್ಲಿ ಕ್ಯಾಪ್ಟನ್ ಎದುರಿನ ಗಾಜು ಕಿತ್ತುಹೋಯಿತು. ಕ್ಯಾಪ್ಟನ್ ಸೊಂಟದ ತನಕ ಕಿಟಕಿಯಿಂದ ಹೊರಗೆ! ವಿಮಾನದ ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು, ಸಹ ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಬದುಕಿದರು, ಕೆಲವೇ ತಿಂಗಳಲ್ಲಿ ಮತ್ತೆ ಕೆಲಸಕ್ಕೂ ಬಂದರು.

ಆ ಗಾಜನ್ನು ಹಾರಾಟಕ್ಕೆ 27 ಗಂಟೆ ಮೊದಲು, ರಾತ್ರಿ ಪಾಳಿಯಲ್ಲಿ ಬದಲಿಸಿದ್ದರು. ಕೆಲಸಗಾರರು ಕಡಿಮೆ ಇದ್ದ ರಾತ್ರಿ. ಪಾಳಿಯ ಮೇಲ್ವಿಚಾರಕ ತಾನೇ ಕೆಲಸಕ್ಕೆ ಇಳಿದ. ಹಳೆ ಬೋಲ್ಟನ್ನು ಕೈಯಲ್ಲಿ ಹಿಡಿದು, ಮಂದ ಬೆಳಕಿನಲ್ಲಿ, ಕಣ್ಣಳತೆಯಲ್ಲೇ ಹೊಸದನ್ನು ಆರಿಸಿದ. ಸ್ಟೋರಿನವನು ಆ ಗಾಜಿಗೆ ಯಾವ ಅಳತೆ ಬೇಕು ಎಂದು ಸರಿಯಾಗಿ ಹೇಳಿದ್ದ, ಇವನು ಕೇಳಲಿಲ್ಲ. 90 ಬೋಲ್ಟುಗಳಲ್ಲಿ 84ರ ದಪ್ಪ ಬೇಕಾದುದಕ್ಕಿಂತ 0.026 ಇಂಚು, ಅಂದರೆ ಒಂದು ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸ. ಆ ಗಾಜು ಹೊರಗಿನಿಂದ ಕೂರಿಸುವಂಥದ್ದು, ಒಳಗಿನ ಒತ್ತಡವನ್ನೆಲ್ಲ ತಡೆಯಬೇಕಾದದ್ದು ಬೋಲ್ಟುಗಳೇ. ಮುಖ್ಯವಾದ ಮಾತು ಇದು: ಆ ಕೆಲಸವನ್ನು ಎರಡನೆಯವರು ನೋಡಬೇಕೆಂಬ ನಿಯಮ ಆಗ ಇರಲಿಲ್ಲ. ಮಾಡಿದವನೂ ಅವನೇ, ಸರಿ ಎಂದು ಸಹಿ ಹಾಕಿದವನೂ ಅವನೇ. ನಗದು ತೆಗೆದುಕೊಳ್ಳುವವನೇ ನಗದು ಪುಸ್ತಕ ಬರೆಯಬಾರದು ಎಂದು ಆಂತರಿಕ ತಡೆಯ ಪಾಠದಲ್ಲಿ ನಾವು ಓದುವುದು ಇದನ್ನೇ. ಅವನು ಕಳ್ಳನಲ್ಲ, ಸೋಮಾರಿಯೂ ಅಲ್ಲ. ಕೆಲಸ ಮುಗಿಸಿಕೊಡಬೇಕು ಎಂಬ ಹುಮ್ಮಸ್ಸಿನವನು. ಅದಕ್ಕೇ ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಇದನ್ನೆಲ್ಲ ಒಂದು ಸಂಜೆ ದಾದಿಗೆ ಉರ್ದುವಿನಲ್ಲಿ ಹೇಳಿದೆ. ಆವರ್ತ, ಒತ್ತಡ ಯಾವುದನ್ನೂ ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಬೋಲ್ಟಿನ ಕಥೆಯನ್ನು ಮಾತ್ರ ಪೂರ್ತಿ ಕೇಳಿದರು. ಸ್ವಲ್ಪ ಹೊತ್ತು ತಸ್ಬೀಹ್ ತಿರುಗಿಸುತ್ತ ಕೂತಿದ್ದು, "ಆ ಏಣಿ ಹತ್ತಿದ ಹುಡುಗರೂ ರಾತ್ರಿ ಪಾಳಿಯವರೇ ಇರಬೇಕು. ನಾವು ಕೂತಾಗ ಎರಡು ಗಂಟೆ ರಾತ್ರಿ" ಎಂದರು. ಆಮೇಲೆ, ಅವರಿಗೆ ಊಟಕ್ಕೆ ಬಿಡುವು ಕೊಡುತ್ತಾರೋ ಇಲ್ಲವೋ ಎಂದು ನನ್ನನ್ನೇ ಕೇಳಿದರು.