ಪುಕ್ಕಟೆ ಜಮೀನು: ಅರ್ಜಿಗೆ ಮುಂಚೆ ಸರ್ವೆ ನಂಬರು ಕೇಳಿ

ಹೊಸದುರ್ಗದ ಸಂತೆಯಲ್ಲಿ ಕೈಗೊಂದು ಚೀಟಿ ಬಂತು. 'ಭೂಮಿ ಇಲ್ಲದವರಿಗೆ, ಸಣ್ಣ ರೈತರಿಗೆ ಸರ್ಕಾರದಿಂದ ಉಚಿತ ಜಮೀನು. ತಲಾ ಎರಡು ಎಕರೆ. ಕೊನೆಯ ದಿನ ಹತ್ತಿರ, ಕೂಡಲೇ ಸಂಪರ್ಕಿಸಿ' ಎಂದಿತ್ತು. ಕೆಳಗೆ ಒಂದು ಮೊಬೈಲ್ ನಂಬರು. ಇಲಾಖೆಯ ಹೆಸರಿಲ್ಲ, ಆದೇಶದ ಸಂಖ್ಯೆ ಇಲ್ಲ, ತಾರೀಖು ಕೂಡ ಇಲ್ಲ. ಇದೇ ಮಾತು ವಿಧಾನಸೌಧದ ಚಿತ್ರ ಹೊತ್ತು ವಾಟ್ಸಾಪಿನಲ್ಲೂ ಓಡಾಡುತ್ತದೆ.

ನಮ್ಮ ಪಕ್ಕದ ಹೊಲದ ಹಿರಿಯರೊಬ್ಬರು ಇಂಥ ಚೀಟಿ ನಂಬಿ, ಎರಡು ಕುರಿ ಮಾರಿದ ದುಡ್ಡನ್ನು 'ಫೈಲು ಖರ್ಚು' ಎಂದು ಕೊಟ್ಟಿದ್ದರು. ಆರು ತಿಂಗಳಾದ ಮೇಲೆ ಒಂದು ಕಾಗದ ಹಿಡಿದು ಬಂದು, "ಇದ್ರಾಗೆ ಏನ್ ಬರ್ದೈತೆ, ಓದ್ ಹೇಳಪ್ಪಾ" ಅಂದರು. ಅದು ನಮೂನೆ 57ರ ಜೆರಾಕ್ಸ್. ಹೆಸರು ಬಿಟ್ಟರೆ ಬೇರೇನೂ ತುಂಬಿರಲಿಲ್ಲ. ಕಚೇರಿಯ ಮೊಹರಾಗಲಿ, ಸ್ವೀಕೃತಿ ಸಂಖ್ಯೆಯಾಗಲಿ ಇರಲಿಲ್ಲ. ಅವರಿಗೆ ಆವತ್ತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇನೆ.

ಹೊಸದಾಗಿ ಕೊಡುವುದಲ್ಲ, ಹಳೆಯದನ್ನು ಸಕ್ರಮ ಮಾಡುವುದು

'ಬಗರ್ ಹುಕುಂ' ಅಂದರೆ ಹುಕುಂ ಇಲ್ಲದೆ, ಅಂದರೆ ಅಪ್ಪಣೆ ಇಲ್ಲದೆ ಮಾಡಿದ ಸಾಗುವಳಿ. ಸರ್ಕಾರಿ ಜಮೀನನ್ನು ಮೊದಲಿನಿಂದ ಉಳುತ್ತಾ ಬಂದವರಿಗೆ ಅದನ್ನು ಸಕ್ರಮ ಮಾಡಿಕೊಡಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಗೆ 94ಎ ಕಲಮು ಸೇರಿತು. ಚೀಟಿ ಹಂಚುವವರು ಬಂಡವಾಳ ಮಾಡಿಕೊಂಡಿರುವುದು ಇದನ್ನೇ. ಆದರೆ ಹೊಸಬರಿಗೆ ಹೊಸ ಜಮೀನು ಹಂಚುವ ಮಾತು ಈ ಕಲಮಿನಲ್ಲಿ ಇಲ್ಲ.

ಇದುವರೆಗೆ ಮೂರು ನಮೂನೆಗಳು ಬಂದಿವೆ. 1991ರಲ್ಲಿ ನಮೂನೆ 50. ಆಗ ಬಿಟ್ಟುಹೋದವರಿಗೆಂದು 1998-99ರಲ್ಲಿ ನಮೂನೆ 53. ಈ ಎರಡಕ್ಕೂ 1990ರ ಏಪ್ರಿಲ್ 14ಕ್ಕೆ ಮೊದಲೇ ಸಾಗುವಳಿ ಇರಬೇಕಿತ್ತು. 2018ರ ತಿದ್ದುಪಡಿಯಿಂದ ಬಂದದ್ದು ನಮೂನೆ 57. ಇದಕ್ಕೆ 2005ರ ಜನವರಿ 1ಕ್ಕೆ ಮೊದಲೇ ಉಳುತ್ತಿರಬೇಕು, ಆಗಲೇ 18 ವರ್ಷ ತುಂಬಿರಬೇಕು.

ಲೆಕ್ಕ ಹಾಕಿ ನೋಡಿ. 1987ರ ನಂತರ ಹುಟ್ಟಿದ ಹುಡುಗನಿಗೆ ನಮೂನೆ 57ರಲ್ಲಿ ಜಮೀನು ಮಾಡಿಸಿಕೊಡುತ್ತೇನೆ ಅನ್ನುವವನು ಸುಳ್ಳು ಹೇಳುತ್ತಿದ್ದಾನೆ. ಈಗ ಹೋಗಿ ಬೇಲಿ ಹಾಕಿದರೂ ಪ್ರಯೋಜನವಿಲ್ಲ. ಆ ಜಾಗದಲ್ಲಿ ಹಿಂದೆ ಬೆಳೆ ಇತ್ತೋ ಇಲ್ಲವೋ ಎಂದು ಹಳೆಯ ಉಪಗ್ರಹ ಚಿತ್ರ ತೆಗೆದು ನೋಡುವ ಕಾಲ ಬಂದಿದೆ.

ಇನ್ನೂ ಮಿತಿಗಳಿವೆ. ಅರ್ಜಿದಾರನಿಗೆ ಈಗಾಗಲೇ ಇರುವ ಜಮೀನೂ ಸೇರಿ ಒಟ್ಟು 2 ಹೆಕ್ಟೇರ್, ಅಂದರೆ ನಮ್ಮ ಖುಷ್ಕಿ ಲೆಕ್ಕದಲ್ಲಿ 4 ಎಕರೆ 38 ಗುಂಟೆ ಮೀರಬಾರದು. ನಗರಸಭೆಯ ಗಡಿಯಿಂದ 5 ಕಿಲೋಮೀಟರ್, ಪುರಸಭೆಯ ಗಡಿಯಿಂದ 3 ಕಿಲೋಮೀಟರ್ ಒಳಗಿನ ಜಮೀನು ಸಕ್ರಮವಾಗದು. ಚಿತ್ರದುರ್ಗ, ಹಿರಿಯೂರು ಪೇಟೆಯ ಮಗ್ಗುಲಲ್ಲೇ ಎರಡು ಎಕರೆ ತೋರಿಸಿ ಆಸೆ ಹುಟ್ಟಿಸುವವರಿದ್ದಾರೆ. ಅವರಿಗೆ ಇದೊಂದೇ ಮಾತು ಸಾಕು.

ತೀರ್ಮಾನ ಮಾಡುವುದು ತಾಲೂಕಿನ ಸಮಿತಿ. ಅದಕ್ಕೆ ಶಾಸಕರು ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಮಧ್ಯವರ್ತಿಗೆ ಅಲ್ಲಿ ಕುರ್ಚಿ ಇಲ್ಲ. ಸಕ್ರಮವಾದರೂ ಸರ್ಕಾರಕ್ಕೆ ಕಟ್ಟಬೇಕಾದ ಹಣ ಇರುತ್ತದೆ, ಅದಕ್ಕೆ ಚಲನ್ ಇರುತ್ತದೆ. 'ಪೂರಾ ಪುಕ್ಕಟೆ' ಅನ್ನುವುದೂ ಸರಿಯಲ್ಲ.

'ಖಾಲಿ ಬಿದ್ದೈತೆ' ಅನ್ನುವ ಜಮೀನು

ಜಾಹೀರಾತಿನವರು ತೋರಿಸುವ ಜಮೀನು ಸಾಮಾನ್ಯವಾಗಿ ಗೋಮಾಳ, ಕಾವಲು, ಕೆರೆ ಅಂಗಳ, ಇಲ್ಲವೇ ಅರಣ್ಯದ ಅಂಚು.

ಗೋಮಾಳಕ್ಕೆ ಲೆಕ್ಕವುಂಟು. ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೀಸಲಿರಬೇಕು. ಊರಲ್ಲಿ 400 ದನ ಇದ್ದರೆ 120 ಎಕರೆ ಆಯಿತು. ಗೋಮಾಳ ಇರುವುದೇ 100 ಎಕರೆ ಆದರೆ ಕೊಡುವುದಕ್ಕೆ ಒಂದು ಗುಂಟೆಯೂ ಇಲ್ಲ. ಹಳ್ಳಿಯ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಬೇಕೆಂದು 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿದೆ. ಅರಣ್ಯವಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಕೇಂದ್ರದ ಒಪ್ಪಿಗೆ ಇಲ್ಲದೆ ಅದನ್ನು ಬೇರೆ ಬಳಕೆಗೆ ಬಿಡುವಂತಿಲ್ಲ.

ಕಾವಲಿನ ಪಾಠ ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. ಚಳ್ಳಕೆರೆ ತಾಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆಯನ್ನು 2009ರ ಆಸುಪಾಸಿನಲ್ಲಿ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮುಂತಾದ ಸಂಸ್ಥೆಗಳಿಗೆ ಕೊಡಲಾಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೇ 1,500 ಎಕರೆ ಹೋಯಿತು. ಕಡತದಲ್ಲಿ ಅದು ಸರ್ಕಾರಿ ಜಮೀನು. ಆದರೆ ಸುತ್ತಿನ ಹಳ್ಳಿಗಳ ಕುರಿ, ದನ ಮೇಯುತ್ತಿದ್ದದ್ದು ಅಲ್ಲೇ, ಕಂಬಳಿ ನೇಯುವವರ ಉಣ್ಣೆ ಹುಟ್ಟುತ್ತಿದ್ದದ್ದೂ ಅಲ್ಲೇ. ಗೋಡೆ ಎದ್ದ ಮೇಲೆ ಖಾಲಿ ಜಮೀನಿನ ಬೆಲೆ ಗೊತ್ತಾಯಿತು. ಜನ ಹೋರಾಟ ಮಾಡಿದರು, ವ್ಯಾಜ್ಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ದೊಡ್ಡವರು ಸಾವಿರ ಎಕರೆಯಲ್ಲಿ ಮಾಡಿದ್ದನ್ನು ನಾವು ಎರಡೆರಡು ಎಕರೆಯಲ್ಲಿ ಮಾಡಿದರೂ ನಮ್ಮೂರ ಕುರಿಗೆ ಆಗುವ ಕಷ್ಟ ಒಂದೇ.

ಬೇರೆ ದೇಶದಲ್ಲೂ ಇದೇ ಕಥೆ. ಅಮೆರಿಕದಲ್ಲಿ 1862ರ ಕಾಯ್ದೆಯಂತೆ ಐದು ವರ್ಷ ನೆಲೆನಿಂತು ಉತ್ತವರಿಗೆ 160 ಎಕರೆ ಕೊಟ್ಟರು. ಆ ನೆಲ ಅಲ್ಲಿನ ಮೂಲನಿವಾಸಿಗಳಿಂದ ಕಿತ್ತದ್ದು. 1976ರಲ್ಲಿ ಆ ಕಾಯ್ದೆ ರದ್ದಾಯಿತು, ಅಲಾಸ್ಕದಲ್ಲಿ ಮಾತ್ರ ಇನ್ನು ಹತ್ತು ವರ್ಷ ನಡೆಯಿತು. ಕಾಯ್ದೆ ಹೋದರೂ ಜನರ ಆಸೆ ಹೋಗಲಿಲ್ಲ. ಪುಕ್ಕಟೆ ಜಮೀನು ಈಗ ಇಲ್ಲವೆಂದು ಅಲ್ಲಿನ ಭೂ ಇಲಾಖೆಯೇ ತಿಳಿಸಬೇಕಾಗಿದೆ.

ಕಾಗದ ಕೈಗೆ ಬಂದರೂ

ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ ಸಾಗುವಳಿ ಚೀಟಿಯನ್ನೇ ತೋರಿಸುತ್ತಾರೆ. 'ಹಳೇ ಮಂಜೂರಾತಿ, ಅಗ್ಗಕ್ಕೆ ಕೊಡ್ತೀವಿ' ಅನ್ನುತ್ತಾರೆ. ಭದ್ರಾ ಮೇಲ್ದಂಡೆ ನೀರಿನ ಆಸೆಯಿಂದ ಈ ವ್ಯಾಪಾರ ಇನ್ನೂ ಬಿರುಸಾಗಿದೆ.

ಚೀಟಿ ನಿಜವೇ ಇರಲಿ, ಎರಡು ತೊಡಕುಗಳಿವೆ. ಒಂದು, ಮಂಜೂರಾತಿಯಲ್ಲಿ ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಇರುತ್ತದೆ. ಎರಡು, ಅದು ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ ಕ್ರಯಪತ್ರ ಊರ್ಜಿತವಲ್ಲ, ಜಮೀನು ಮೂಲ ಮಂಜೂರಾತಿದಾರರಿಗೆ ಅಥವಾ ವಾರಸುದಾರರಿಗೆ ವಾಪಸು ಹೋಗುತ್ತದೆ. ತಡವಾಯಿತೆಂಬ ಕಾರಣಕ್ಕೆ ಅವರ ಅರ್ಜಿ ಬೀಳಬಾರದೆಂದು 2023ರಲ್ಲಿ ಕಾಯ್ದೆಗೆ ತಿದ್ದುಪಡಿಯೂ ಆಯಿತು.

ದುಡ್ಡು ಕೊಡುವ ಮುಂಚೆ

1. ಸರ್ವೆ ನಂಬರು ಯಾವುದು? ನಂಬರು ಹೇಳದವನ ಜೊತೆ ಮಾತು ಮುಂದುವರಿಸಬೇಡಿ. ಹೇಳಿದರೆ ನಾಡಕಚೇರಿಯಲ್ಲಿ ಪಹಣಿ ತೆಗೆಸಿ. 9ನೇ ಕಲಮಿನಲ್ಲಿ ಯಾರ ಹೆಸರಿದೆ, 11ರಲ್ಲಿ ಏನು ಹಕ್ಕು, ಋಣ ಬರೆದಿದೆ ನೋಡಿ. ಗೋಮಾಳ, ಕೆರೆ, ಅರಣ್ಯ ಎಂದಿದ್ದರೆ ಅಲ್ಲಿಗೆ ಬಿಡಿ.

2. ಯಾವ ಕಾಯ್ದೆ, ಯಾವ ನಮೂನೆ? ನಮೂನೆ 57 ಅಂದರೆ 2005ಕ್ಕೆ ಮುಂಚಿನ ಸಾಗುವಳಿಯ ದಾಖಲೆ ನಿಮ್ಮ ಹತ್ತಿರ ಇದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

3. ಪ್ರಕಟಣೆ ಎಲ್ಲಿದೆ? 1969ರ ಭೂ ಮಂಜೂರಾತಿ ನಿಯಮಗಳಂತೆ ಭೂಮಿ ಇಲ್ಲದವರಿಗೆ ಜಮೀನು ಕೊಡುವುದಾದರೆ ತಹಶೀಲ್ದಾರರು ಪಟ್ಟಿ ಮಾಡಿ ಪ್ರಕಟಿಸಬೇಕು. ಫಲಕದಲ್ಲಿ ಇಲ್ಲದ್ದು ಸಂತೆಯ ಚೀಟಿಯಲ್ಲಿ ಇರಲಾರದು.

4. ರಸೀದಿ ಯಾರದು? ಸರ್ಕಾರದ ಹಣ ಚಲನ್ ಮೂಲಕ ಹೋಗುತ್ತದೆ, ಯಾರದೋ ಫೋನಿಗೆ ಹೋಗುವುದಿಲ್ಲ.

ಭೂಮಿ ಇಲ್ಲದವರಿಗೆ ದಾರಿಯೇ ಇಲ್ಲವೆಂದಲ್ಲ. ಪರಿಶಿಷ್ಟ ಜಾತಿಯ ಭೂರಹಿತ ಕೃಷಿ ಕಾರ್ಮಿಕ ಮಹಿಳೆಯರಿಗೆ ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆ ಇದೆ. ಅಲ್ಲಿ ಖಾಸಗಿಯವರ ಜಮೀನನ್ನೇ ಕೊಂಡು ಕೊಡುತ್ತಾರೆ, ಅರ್ಧ ಸಹಾಯಧನ, ಅರ್ಧ ಸಾಲ. ನಿಜವಾದ ಯೋಜನೆ ಹೀಗೆ ಸಾಲದ ಮಾತನ್ನೂ ಮೊದಲೇ ಹೇಳುತ್ತದೆ.

ಪಕ್ಕದ ಹೊಲದ ಹಿರಿಯರಿಗೆ ದುಡ್ಡು ವಾಪಸು ಬಂದಿಲ್ಲ. ಕೊಟ್ಟದ್ದಕ್ಕೆ ರಸೀದಿ ಇರಲಿಲ್ಲ, ಆ ಫೋನ್ ನಂಬರೂ ಈಗ ಇಲ್ಲ. ಆದರೆ ಅವರ ಮನೆಯ ಹಳೇ ಟ್ರಂಕಿನಲ್ಲಿ ಅವರ ತಂದೆ ಹಾಕಿದ್ದ ನಮೂನೆ 53ರ ಸ್ವೀಕೃತಿ ಸಿಕ್ಕಿತು, ಮೊಹರು ಸಮೇತ. ಅದು ಏನಾಯಿತೆಂದು ತಾಲೂಕು ಕಚೇರಿಯಲ್ಲಿ ಲಿಖಿತವಾಗಿ ಕೇಳಿದ್ದೇವೆ. ನಿಮ್ಮ ಮನೆಯಲ್ಲೂ ಅಂಥ ಚೀಟಿ ಇರಬಹುದು. ಸಂತೆಯ ಚೀಟಿ ಹಿಡಿದು ಓಡುವ ಮುಂಚೆ ಟ್ರಂಕು ತೆಗೆದು ನೋಡಿ.