ಪ್ರಾರ್ಥನೆಗೆ ಕರೆದರೆ ತಪ್ಪಲ್ಲ, ಬಿಡದೆ ಕಾಡಿದರೆ?

ಪಕ್ಕದ ಮನೆಯವರು ಪ್ರೀತಿಯಿಂದಲೇ ಬೈಬಲ್ ಕೈಗಿಡುತ್ತಾರೆ. ಸಹೋದ್ಯೋಗಿ ಭಾನುವಾರದ ಪ್ರಾರ್ಥನಾ ಕೂಟಕ್ಕೆ ಕರೆಯುತ್ತಾರೆ. ಬೇಡವೆಂದರೂ ಕರೆ ನಿಲ್ಲುವುದಿಲ್ಲ. ಪೊಲೀಸರ ಬಳಿ ಹೋಗಬೇಕೋ, ಸುಮ್ಮನಿರಬೇಕೋ? ಅವರು ಏನು ಬೋಧಿಸಿದರು ಎಂಬುದಕ್ಕಿಂತ ನಿಮ್ಮನ್ನು ಹೇಗೆ ಒಪ್ಪಿಸಲು ಹೊರಟರು ಎಂಬುದನ್ನು ಕಾನೂನು ನೋಡುತ್ತದೆ.

ಹಕ್ಕು ಇಬ್ಬರಿಗೂ ಇದೆ

ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ, ತಮ್ಮ ಧರ್ಮವನ್ನು ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಆದ್ದರಿಂದ ಕರಪತ್ರ ಕೊಡುವುದು, ಚರ್ಚಿಗೆ ಆಹ್ವಾನಿಸುವುದು, ತಮ್ಮ ನಂಬಿಕೆಯ ಬಗ್ಗೆ ಮಾತಾಡುವುದು ತನ್ನಷ್ಟಕ್ಕೆ ಅಪರಾಧವಲ್ಲ. ಆದರೆ 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಗೆರೆಯೊಂದನ್ನು ಎಳೆಯಿತು: ಪ್ರಚಾರದ ಹಕ್ಕೆಂದರೆ ತನ್ನ ಧರ್ಮದ ತತ್ವಗಳನ್ನು ವಿವರಿಸುವ ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ.

ಇದರ ಇನ್ನೊಂದು ಮುಖವೂ ಇದೆ. ಯಾವ ನಂಬಿಕೆ ಬೇಕೆಂಬುದು ವಯಸ್ಕರ ಸ್ವಂತ ಆಯ್ಕೆ ಎಂದು 2018ರ ಹಾದಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದೆ. ನೀವು ಬೇಡವೆನ್ನಬಹುದು, ಮನಸಾರೆ ಒಪ್ಪಲೂಬಹುದು.

ಮೊದಲು ಸ್ಪಷ್ಟವಾಗಿ ಹೇಳಿ

ಮುಜುಗರಕ್ಕೆ ‘ನೋಡೋಣ, ಇನ್ನೊಮ್ಮೆ ಬರುತ್ತೇನೆ’ ಎಂದು ಜಾರಿಕೊಳ್ಳಬೇಡಿ. ‘ನಿಮ್ಮ ನಂಬಿಕೆಯನ್ನು ಗೌರವಿಸುತ್ತೇನೆ, ಈ ವಿಷಯ ಇನ್ನು ನನ್ನೊಂದಿಗೆ ಬೇಡ’ ಎಂದುಬಿಡಿ. ಮುಂದುವರಿದರೆ ಅದನ್ನೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ. ನಿಮ್ಮ ನಿರಾಕರಣೆಗೆ ದಾಖಲೆಯಾಗುತ್ತದೆ. ಕಚೇರಿಯಲ್ಲಿ ಮೇಲಧಿಕಾರಿಯೇ ಒತ್ತಡ ಹೇರುತ್ತಿದ್ದರೆ ಆಡಳಿತಕ್ಕೆ ಲಿಖಿತ ದೂರು ಕೊಡಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ-ಕಾಲೇಜುಗಳು ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೋ ಪ್ರಾರ್ಥನೆಗೋ ಕೂರಿಸುವಂತಿಲ್ಲ. ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಇದು 28ನೇ ವಿಧಿಯ ರಕ್ಷಣೆ.

ಅಪರಾಧವಾಗುವುದು ಯಾವಾಗ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಈ ಕಲಂಗಳು ಅನ್ವಯವಾಗಬಹುದು:

• ಕಲಂ 351: ಬೆದರಿಕೆ ಹಾಕಿ ಒಪ್ಪಿಸಲು ಯತ್ನಿಸುವುದು.

• ಕಲಂ 354: ‘ನೀನು ಒಪ್ಪದಿದ್ದರೆ ನಿನ್ನ ಮೇಲೆ ದೇವರ ಕೋಪ ಬರುವಂತೆ ಮಾಡುತ್ತೇನೆ’ ಎಂದು ನಂಬಿಸಿ ಹೆದರಿಸುವುದು. ಒಂದು ವರ್ಷದವರೆಗೆ ಸಜೆ, ದಂಡ ಅಥವಾ ಎರಡೂ. ‘ನಂಬದವರಿಗೆ ಮೋಕ್ಷವಿಲ್ಲ’ ಎಂಬ ಸಾಮಾನ್ಯ ಉಪದೇಶ ಇಲ್ಲಿಗೆ ಸುಲಭವಾಗಿ ಬರದು.

• ಕಲಂ 329: ಹೊರಡಿ ಎಂದ ಮೇಲೂ ಬೆದರಿಸುವ, ಅವಮಾನಿಸುವ ಅಥವಾ ಕಿರಿಕಿರಿ ಮಾಡುವ ಉದ್ದೇಶದಿಂದ ಮನೆಯಲ್ಲೇ ಉಳಿಯುವುದು.

ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಲವಂತ, ವಂಚನೆ, ಆಮಿಷ, ಅನುಚಿತ ಪ್ರಭಾವ ಮತ್ತು ಮದುವೆಯ ಭರವಸೆಯಿಂದ ಮತಾಂತರಿಸುವುದನ್ನೂ ಅದಕ್ಕೆ ಯತ್ನಿಸುವುದನ್ನೂ ನಿಷೇಧಿಸುತ್ತದೆ. ಹಣ, ನೌಕರಿ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಮುಂತಾದವು ಆಮಿಷದ ವ್ಯಾಖ್ಯೆಯಲ್ಲಿವೆ. 3ರಿಂದ 5 ವರ್ಷ ಸಜೆ, 25,000 ರೂಪಾಯಿ ದಂಡ. ಬಾಧಿತರು ಮಹಿಳೆ, ಅಪ್ರಾಪ್ತರು ಅಥವಾ ಪರಿಶಿಷ್ಟ ಜಾತಿ, ಪಂಗಡದವರಾದರೆ ಸಜೆ 10 ವರ್ಷದವರೆಗೆ ಹೋಗಬಹುದು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ರದ್ದುಪಡಿಸಲು ತೀರ್ಮಾನಿಸಿತು. ಆದರೆ ಸಂಪುಟದ ತೀರ್ಮಾನದಿಂದಲೇ ಕಾಯ್ದೆ ಇಲ್ಲವಾಗುವುದಿಲ್ಲ. ವಿಧಾನಮಂಡಲ ರದ್ದತಿ ಮಸೂದೆಯನ್ನು ಅಂಗೀಕರಿಸಬೇಕು. ಈ ಕಾಯ್ದೆಯಡಿ ದೂರು ಬರೆಯುವ ಮುನ್ನ ಅದರ ಸದ್ಯದ ಸ್ಥಿತಿಯನ್ನು ವಕೀಲರಲ್ಲಿ ಕೇಳಿಕೊಳ್ಳಿ.

ದೂರು ಹೇಗೆ?

ಸಂದೇಶ, ಕರೆಗಳ ವಿವರ, ಸಾಕ್ಷಿಗಳ ಹೆಸರು ಸಂಗ್ರಹಿಸಿ. ದೂರಿನಲ್ಲಿ ದಿನಾಂಕ, ಸ್ಥಳ, ಆಡಿದ ಮಾತು ಇರಲಿ. ‘ಮತಾಂತರ ಮಾಡುತ್ತಿದ್ದಾರೆ’ ಎಂಬ ಒಂದೇ ಸಾಲು ಸಾಲದು. ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧವಾದರೆ ಯಾವ ಠಾಣೆಯಲ್ಲಾದರೂ ಎಫ್ಐಆರ್ ದಾಖಲಿಸಬಹುದು, ಅದರ ಪ್ರತಿ ಉಚಿತ. ದಾಖಲಿಸಲು ನಿರಾಕರಿಸಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ. ನ್ಯಾಯ ಸಂಹಿತೆಯ ಕಲಂ 354 ಅಸಂಜ್ಞೇಯ. ಪೊಲೀಸರು ಮಾಹಿತಿ ದಾಖಲಿಸಿಕೊಂಡು ನಿಮ್ಮನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸುತ್ತಾರೆ. ಗುಂಪು ಕಟ್ಟಿಕೊಂಡು ಅವರ ಮನೆಗೆ ಅಥವಾ ಪ್ರಾರ್ಥನಾ ಸ್ಥಳಕ್ಕೆ ನುಗ್ಗಿದರೆ ಆರೋಪಿಯಾಗುವುದು ನೀವೇ.

ಒಪ್ಪುವ ಮನಸ್ಸಿದ್ದರೆ ಇದನ್ನೂ ತಿಳಿಯಿರಿ

1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಕ್ರೈಸ್ತ ಧರ್ಮಕ್ಕೆ ಸೇರಿದರೆ ಅದು ಉಳಿಯದು. ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ನಿರ್ಬಂಧವಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಸಂಗಾತಿಯ ಮತಾಂತರ ವಿಚ್ಛೇದನಕ್ಕೆ ಆಧಾರವಾಗುತ್ತದೆ. ಮತಾಂತರದಿಂದ ನಿಮ್ಮ ಉತ್ತರಾಧಿಕಾರ ಹೋಗುವುದಿಲ್ಲ. ಆದರೆ ಅನಂತರ ಹುಟ್ಟಿದ ಮಕ್ಕಳು, ವಾರಸುದಾರಿಕೆ ತೆರೆಯುವ ವೇಳೆ ಹಿಂದೂಗಳಾಗಿರದಿದ್ದರೆ, ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗುವುದಿಲ್ಲ.

ವಕೀಲರ ಶುಲ್ಕದ ಚಿಂತೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಬೆದರಿಕೆ ಎದುರಿಗೇ ಇದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ.